ಮರಳಿನಲ್ಲಿ ತೋಡಿದ ಹಗೇವು

ಹಗೇವಿನಿಂದ ತೆಗೆದ ಜೋಳದ ರೊಟ್ಟಿಗೆ ಒಂದು ವಾಸನೆ ಇರುತ್ತದೆ. ಅದನ್ನು ಸುವಾಸನೆ ಎನ್ನಲು ಹೊರಗಿನವರು ಒಪ್ಪಲಾರರು; ನೆಲದ ಹೊಟ್ಟೆಯಲ್ಲಿ ವರ್ಷಗಟ್ಟಲೆ ಮಲಗಿದ್ದ ಕಾಳು ಎದ್ದು ಮೈಮುರಿದಾಗ ಬರುವ ಮಂದವಾದ, ಮಣ್ಣುಮಣ್ಣಾದ ವಾಸನೆ ಅದು. ಗದಗ ಸೀಮೆಯ ನಮ್ಮ ಹಿರಿಯರು ಮನೆಯ ಮುಂದೆಯೋ ಹಿತ್ತಲಲ್ಲೋ ಆಳುದ್ದದ ಕುಣಿ ತೋಡಿ, ಸುತ್ತ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣೆಳೆದುಬಿಡುತ್ತಿದ್ದರು. ಅದೇ ಹಗೇವು. ಅದರ ಮೇಲೆ ಮಕ್ಕಳು ಆಡುತ್ತಿದ್ದವು, ದನ ಕಟ್ಟುತ್ತಿದ್ದರು, ಹೊರಸು ಹಾಕಿ ಮಲಗುತ್ತಿದ್ದರು. ತನ್ನ ನಾಳೆಯ ಮೇಲೆಯೇ ಹೀಗೆ ನಿಶ್ಚಿಂತೆಯಿಂದ ನಿದ್ದೆ ಹೋಗುವ ಸುಖ ಬೇರೆ ಯಾವ ಸೀಮೆಯವರಿಗೆ ಸಿಕ್ಕೀತು ಹೇಳಿ.

ಈ ಹಗೇವನ್ನು ನಮ್ಮ ದೊಡ್ಡಪ್ಪ ಒಮ್ಮೆ ಸಮುದ್ರದ ದಂಡೆಯ ಮೇಲೆ, ಅದೂ ಪರದೇಶದಲ್ಲಿ, ತೋಡಲು ಹೋದ. ಅದನ್ನು ನಿಮ್ಮ ಮುಂದೆ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ. ತಡೆಯುತ್ತಿದ್ದುದು ನನ್ನದೇ ಓದು. ಧಾರವಾಡದಲ್ಲಿ ತರ್ಕಶಾಸ್ತ್ರ ಕಲಿತವನು ನಾನು. ಸಿಕ್ಕ ಸಾಕ್ಷಿಗಳಿಗೆಲ್ಲ ಅಡ್ಡಪ್ರಶ್ನೆ ಹಾಕಿ ಹಾಕಿ, ಕೊನೆಗೆ ನನ್ನ ನೆನಪನ್ನೇ ಕಟಕಟೆಯಲ್ಲಿ ನಿಲ್ಲಿಸಿದವನು. ಅದು ಅಲ್ಲಿ ನಿಂತು ಬೆವರುತ್ತಿದೆ. ಕೇಳಿದ್ದನ್ನು ಕಂಡೆ ಎನ್ನುತ್ತದೆ, ಕಂಡದ್ದನ್ನು ಬಣ್ಣ ಬಳಿದು ತೋರಿಸುತ್ತದೆ. ಆದರೂ ಅದನ್ನು ಬಿಟ್ಟರೆ ಬೇರೆ ಸಾಕ್ಷಿ ನನಗಿಲ್ಲ.

ಸೊರಟೂರಿನ ಒಕ್ಕಲು ಮನೆತನದವನಾದ ದೊಡ್ಡಪ್ಪ ರೈಲಿನಲ್ಲಿ ಗಾರ್ಡ್ ಆಗಿ, ಬೆಟಗೇರಿಯಲ್ಲಿ ಮನೆ ಮಾಡಿದ್ದ. ಗೋವೆಗೆ ಹೋಗುವ ಗಾಡಿಯಲ್ಲಿ ಅವನ ಕೆಲಸ. ಗೋವೆ ಆಗ ಪೋರ್ತುಗೀಜರದು. ಎರೆಹೊಲದಲ್ಲಿ ಹುಟ್ಟಿ, ಕೆರೆಯ ತಳವನ್ನೇ ಹೆಚ್ಚು ಕಂಡ ಮನುಷ್ಯ, ಘಟ್ಟ ಇಳಿದ ಗಾಡಿಯ ಹಿಂದಿನ ಡಬ್ಬಿಯಿಂದ ಮೊದಲ ಸಲ ಸಮುದ್ರ ನೋಡಿದಾಗಲೇ ಎಲ್ಲೋ ಒಳಗೆ ಹಸಿರು ನಿಶಾನೆ ತೋರಿಸಿಬಿಟ್ಟಿದ್ದನೆಂದು ಕಾಣುತ್ತದೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವು ವರ್ಷಕ್ಕೆ ಅವನಿಗೂ ನೌಕರಿಯಿಂದ ಬಿಡುಗಡೆಯಾಯಿತು. ಆಗ ಮನಸ್ಸಿನೊಳಗಿದ್ದುದನ್ನು ಹೊರಹಾಕಿದ: ಮಡಗಾಂವದಿಂದ ಎತ್ತಿನ ಗಾಡಿಯಲ್ಲಿ ಹೋಗುವಷ್ಟು ದೂರದ ಒಂದು ದಂಡೆಯೂರಿನಲ್ಲಿ ಅಗ್ಗದ ಬಾಡಿಗೆಗೆ ಮನೆ ನೋಡಿದ್ದಾನೆ, ಇನ್ನುಳಿದ ಕಾಲವನ್ನು ಅಲ್ಲಿ ಕಳೆಯಬೇಕು.

ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

“ನಾ ಒಮ್ಮಿ ಪರದೇಶಕ್ಕ ಬಂದೀನಿ, ಲಕ್ಷ್ಮೇಶ್ವರದಿಂದ ಬೆಟಗೇರಿಗೆ. ಮತ್ತೊಮ್ಮಿ ವಲ್ಲೆ,” ಅಂದಳು.

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ಮದುವೆಯಾಗಿ ಬಂದ ಕಾಲದ ನಮ್ಮ ಸೀಮೆಯನ್ನು ನೆನೆಸಿಕೊಳ್ಳಿ: ಲಕ್ಷ್ಮೇಶ್ವರ ಒಬ್ಬ ಸಂಸ್ಥಾನಿಕನದು, ಶಿರಹಟ್ಟಿ ಮತ್ತೊಬ್ಬನದು, ಮುಂಡರಗಿ ದಾಟಿ ಮುಂದೆ ನಡೆದರೆ ನಿಜಾಮನದು, ನಾವು ಮುಂಬಯಿ ಪ್ರಾಂತದವರು. ಬೀಗರ ಊರಿಗೆ ಬುತ್ತಿ ಕಟ್ಟಿಕೊಂಡು ಹೊರಟವನು ಬುತ್ತಿ ಬಿಚ್ಚುವುದರೊಳಗೆ ರಾಜ್ಯ ದಾಟಿರುತ್ತಿದ್ದ. ಪರದೇಶವೆಂಬುದು ಹಡಗು ಹತ್ತಿ ಹೋಗುವ ಜಾಗವಲ್ಲ, ಗಂಡನ ಮನೆಯೂ ಪರದೇಶವೇ ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಯಾವ ಭೂಪಟವನ್ನೂ ನೋಡದೆ ಬಲ್ಲರು.

ಆದರೆ ಅವಳಿಲ್ಲದೆ ದೊಡ್ಡಪ್ಪ ಹೋಗುವವನಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ಅವನಿಗೆ ಅವಳು, ಅವಳಿಗೆ ಅವನು. ನಡುವೆ ಕಾಲೇಜಿನ ಸೂಟಿಗೆ ಬರುವ ನಾನು. ಅವಳು ಬರುತ್ತಾಳೋ ಇಲ್ಲವೋ ಎಂಬುದೊಂದೇ ಅವನಿಗೆ ಉಳಿದ ಪ್ರಶ್ನೆಯಾಯಿತು. ಕೇಳಿ ಕೇಳಿ ಅವಳಿಗೂ ಬೇಸರ ಬಂದಿರಬೇಕು, ಒಂದು ದಿನ ಷರತ್ತು ಹಾಕಿದಳು.

“ವರ್ಷದ ಜೋಳ ಮನ್ಯಾಗ ಇಲ್ಲದ ನಾ ಎಲ್ಲೂ ಬಾಳುವೆ ಮಾಡಿಲ್ಲ, ಮಾಡೂದೂ ಇಲ್ಲ. ಅಲ್ಲೆ ಒಂದು ಹಗೇವು ತಗಸ್ರಿ. ಆಮ್ಯಾಲೆ ನನ್ನ ಕರೀರಿ.”

ದೊಡ್ಡಪ್ಪ ಆ ಬೇಸಿಗೆಯಲ್ಲೇ ನನ್ನನ್ನೂ ಸಲಿಕೆ ಗುದ್ದಲಿಗಳನ್ನೂ ಕರೆದುಕೊಂಡು ಗಾಡಿ ಹತ್ತಿದ. ಮನೆಯ ಹಿತ್ತಲಲ್ಲಿ ತೆಂಗಿನ ಮರಗಳ ನಡುವೆ ಗೆರೆ ಎಳೆದು ತೋಡತೊಡಗಿದೆವು. ನಮ್ಮ ನೆಲದಲ್ಲಿ ಗುದ್ದಲಿಗೂ ಬೆವರು ಬರಿಸುವ ಕೆಲಸ. ಇಲ್ಲಿ ಮರಳು ಕೇಳಿದಷ್ಟೂ ಕೊಡುತ್ತಿತ್ತು. ಸಲೀಸಾಗಿ ಆಗುವ ಕೆಲಸದ ಬಗ್ಗೆ ಸಂಶಯ ಪಡಬೇಕೆಂದು ಕಲಿತ ನನಗೂ ಆಗ ಸಂಶಯ ಬರಲಿಲ್ಲ. ಮನೆಯೊಡತಿ ಮರಿಯಾಬಾಯಿ ಬಾಗಿಲಲ್ಲಿ ನಿಂತು, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಕೊಂಕಣಿಯಲ್ಲಿ ಏನೋ ಕೇಳಿದಳು.

“ಯಾರು ಸತ್ತಾರ ಅಂತ ಕೇಳ್ತಾಳಲೇ,” ಅಂದ ದೊಡ್ಡಪ್ಪ, ಬಗ್ಗಿದಲ್ಲಿಂದಲೇ.

ಕಾಳು ಹೂಳುವುದಕ್ಕೆಂದು ಅವನು ವಿವರಿಸಿದ ಮೇಲಂತೂ ಅವಳು ನಮ್ಮನ್ನು ಇನ್ನೂ ಕನಿಕರದಿಂದ ನೋಡಿದಳು.

ಸೊಂಟದಾಳ ಹೋಗುವಷ್ಟರಲ್ಲಿ ಮರಳು ಒದ್ದೆಯಾಯಿತು. ಮತ್ತೆರಡು ಸಲಿಕೆ ತೆಗೆದದ್ದೇ ಕಾಲಬುಡದಲ್ಲಿ ನೀರು ಮಿನುಗಿ, ನೋಡುತ್ತಿದ್ದ ಹಾಗೆ ಮೀನಖಂಡಕ್ಕೆ ಬಂತು. ದೊಡ್ಡಪ್ಪ ಮೇಲೆ ಹತ್ತಿ ಬಂದು ಕುಣಿಯ ಅಂಚಿಗೆ ಕುಳಿತ. ಕಾಳಿಡಬೇಕಾದ ಜಾಗದಲ್ಲಿ ಆಕಾಶದ ಒಂದು ತುಂಡು ಅಲ್ಲಾಡುತ್ತಿತ್ತು. ಅವನು ಅದನ್ನು ನೋಡುತ್ತಿದ್ದ, ನಾನು ಅವನನ್ನು. ಆಮೇಲೆ ಸುಮ್ಮನೆ ಒಂದು ಬೊಗಸೆ ಎತ್ತಿ ಬಾಯಿಗೆ ಹಾಕಿಕೊಂಡ. ಮತ್ತೊಂದು ಬೊಗಸೆ. ನನಗೂ ಕೊಟ್ಟ. ಅಥವಾ ಕೊಡಲಿಲ್ಲವೋ ಏನೋ. ಅವನ ಮುಖದಲ್ಲಿ ಕಂಡ ರುಚಿಯನ್ನೇ ನನ್ನ ನಾಲಿಗೆ ತನ್ನದೆಂದು ಇಟ್ಟುಕೊಂಡಿರಬಹುದು. ಉಪ್ಪು ಸಮುದ್ರ ಅಷ್ಟು ಹತ್ತಿರದಲ್ಲಿ ಮೊರೆಯುತ್ತಿದ್ದರೂ ನೀರು ಸಿಹಿಯಾಗಿತ್ತು. ಮಳೆಯ ನೀರು ಮರಳಿನೊಳಗೆ ಇಳಿದು, ಭಾರದ ಉಪ್ಪುನೀರಿನ ಮೇಲೆ ಹಗುರಾಗಿ ನಿಲ್ಲುತ್ತದೆಂದು ಮುಂದೆ ಯಾವುದೋ ಪುಸ್ತಕದಲ್ಲಿ ಓದಿದೆ. ಕಾರಣ ತಿಳಿದ ಮೇಲೂ ಹೋಗದ ಬೆರಗುಗಳಿವೆ, ಅವುಗಳಲ್ಲಿ ಇದೊಂದು.

ಬೆಟಗೇರಿಗೆ ಮರಳಿದಾಗ ದೊಡ್ಡವ್ವ ಬಾಗಿಲಲ್ಲೇ ಕೇಳಿದಳು.

“ಹಗೇವು ಆತೇನ್ರೀ?”

“ಆತು. ಆದ್ರ ಜೋಳ ಹಾಕಾಕ ಬರೂದಿಲ್ಲ.”

“ಯಾಕ?”

“ನೀರು ಬಂದಾವು.”

ಅವಳು ನಗತೊಡಗಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದ ನಗು. “ಅಯ್ಯ ಶಿವನ! ಕಾಳಿಗೆ ತೆಗ್ಗು ತಗೀರಿ ಅಂದ್ರ ಬಾವಿ ತಗದು ಬಂದೀರಲ್ರೀ! ಯಾರ ಮುಂದರ ಹೇಳಬ್ಯಾಡ್ರಿ, ಸೊರಟೂರ ಮಂದಿ ಮರ್ಯಾದಿ ಹೋಗ್ತೈತಿ.” ನಗು ಇಳಿದ ಮೇಲೆ ಸಹಜವಾಗಿ ಕೇಳಿದಳು, “ಸವಳೇನು?”

“ಇಲ್ಲ. ಸೀನೀರು.”

ಅವಳು ನನ್ನ ಕಡೆ ತಿರುಗಿದಳು. “ತಮ್ಮಾ, ನೀ ಹೇಳು. ಖರೇನ? ಹಿತ್ತಲದಾಗನ?”

ನಾನು ಹೌದೆಂದೆ. ಬೇಳೆ ಬೇಯದ ಸವಳು ನೀರಿನ ಓಣಿಯಲ್ಲಿ ಮದುಮಗಳಾಗಿ ಇಳಿದಂದಿನಿಂದ, ಸಿಹಿನೀರಿಗಾಗಿ ಊರ ಹೊರಗಿನ ಬಾವಿಗೆ ಕೊಡ ಹೊತ್ತು ನಡೆದ ಹೆಂಗಸು ಅವಳು. “ನೋಡಿ ಬರೂಣು ನಡ್ರಿ,” ಅಂದಳು.

ನೋಡಿ ಬರಲು ಹೋದವಳು ಅಲ್ಲಿಯೇ ಉಳಿದಳು. ಕುಣಿಗೆ ಕಲ್ಲು ಕಟ್ಟಿಸಿ ಬಾವಿ ಮಾಡಿದರು. ಸಮುದ್ರದ ಜೊತೆ ಮಾತ್ರ ಅವಳದು ಮಾತಿಲ್ಲ. “ಇಷ್ಟ ನೀರು ಇಟ್ಕೊಂಡು ಒಂದು ಗುಟುಕು ಕೊಡಾಕ ಬರೂದಿಲ್ಲ. ಎಂಥಾ ಶ್ರೀಮಂತಿಕಿ ಅದು?” ಎನ್ನುತ್ತ ಅದಕ್ಕೆ ಬೆನ್ನು ಮಾಡಿ ಕುಳಿತು ಕಾಳು ಹಸನ ಮಾಡುತ್ತಿದ್ದಳು. ದೊಡ್ಡಪ್ಪ ಅತ್ತ ಮುಖ ಮಾಡಿ ಕೂರುತ್ತಿದ್ದ. ಬೆನ್ನಿಗೆ ಬೆನ್ನು ಹಚ್ಚಿ ಕುಳಿತ ಇಬ್ಬರನ್ನು ನೋಡಿದರೆ, ದಾಂಪತ್ಯವೆಂದರೆ ಎರಡು ದಿಕ್ಕನ್ನು ಒಂದೇ ಮನೆಯಿಂದ ನೋಡುವುದೇ ಇರಬೇಕು ಎನಿಸುತ್ತಿತ್ತು.

ಮಳೆಗಾಲ ಮಾತ್ರ ಊರಿಂದ ತಂದ ಜೋಳವನ್ನು ಬಿಡಲಿಲ್ಲ. ಗಡಿಗೆಯಲ್ಲಿಟ್ಟರೂ ಅಟ್ಟಕ್ಕೇರಿಸಿದರೂ ಬೂಷ್ಟು ಹಿಡಿಯಿತು. ದಿನವೂ ಒಲೆಯ ಬದಿಗೆ ಹರವುವಳು, ಕೆಟ್ಟದ್ದನ್ನು ಆರಿಸಿ ಮರಿಯಾಬಾಯಿಯ ಕೋಳಿಗಳಿಗೆ ಹಾಕುವಳು, ಉಳಿದದ್ದನ್ನು ಬೀಸಿ ರೊಟ್ಟಿ ಮಾಡುವಳು. ಇಬ್ಬರ ತಾಟಿನಲ್ಲೂ ರೊಟ್ಟಿ ಚಿಕ್ಕದಾಗುತ್ತ ಬಂತು. ಮೊದಲೆಲ್ಲ ಎಲ್ಲದಕ್ಕೂ ಗದ್ದಲ ಹಾಕುತ್ತಿದ್ದವಳು ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಕರ್ನಾಟಕ ಒಂದಾಗುವ ಮಾತು ನಮ್ಮ ಕಡೆ ಬಲವಾಗಿದ್ದ ದಿನಗಳಲ್ಲೇ, ಗೋವೆಯ ಗಡಿ ಮುಚ್ಚುತ್ತಾರೆ, ಗಾಡಿ ನಿಲ್ಲುತ್ತದೆ ಎಂಬ ಖಬರು ಬಂತು. ಒಂದು ಕಡೆ ಗೆರೆ ಅಳಿಸುತ್ತಿದ್ದರು, ಇನ್ನೊಂದು ಕಡೆ ಗೆರೆ ಗೋಡೆಯಾಗುತ್ತಿತ್ತು. ಯಾವ ಕಡೆ ಇರಬೇಕೋ ಈಗಲೇ ಇರಬೇಕು. ನಾನು ಅವರನ್ನು ಕೇಳಲೆಂದೇ ಹೋದೆ. ಉಣ್ಣುತ್ತಿದ್ದ ದೊಡ್ಡಪ್ಪ ತುತ್ತು ಕೆಳಗಿಟ್ಟು, “ನಡೀ, ಊರಿಗೆ ಹೋಗೂಣು,” ಅಂದ.

“ನಾ ಅಂದ್ನೇನು?” ದೊಡ್ಡವ್ವ ಸಿಟ್ಟಾದಳು. “ನನ್ನ ಹೆಸರು ಹೇಳಬ್ಯಾಡ್ರಿ. ನಾ ಅಂದೀನೇನು?”

“ನೀ ಅನ್ನಲಿಲ್ಲ. ಅದಕ್ಕ,” ಅಂದ ಅವನು.

ಹೊರಡುವ ಬೆಳಿಗ್ಗೆ ಎತ್ತಿನ ಗಾಡಿ ಬಾಗಿಲಿಗೆ ಬಂದಿತ್ತು. ಸಾಮಾನು ಏರಿಸಿಯಾಗಿತ್ತು. ದೊಡ್ಡವ್ವ ಗಂಡನಿಗೆ, “ಒಮ್ಮಿ ನೋಡಿ ಬರ್ರಿ,” ಎಂದಳು. ಏನನ್ನು ಎಂದು ಅವನೂ ಕೇಳಲಿಲ್ಲ. ದಂಡೆಯತ್ತ ಹೋದವನು, ಜೀವಮಾನವೆಲ್ಲ ಗಡಿಯಾರ ನೋಡಿ ಸೀಟಿ ಊದಿದ ಮನುಷ್ಯನಲ್ಲವೇ, ಬೇಗನೆ ತಿರುಗಿ ಬಂದ.

“ಇಷ್ಟ ಜಲ್ದಿ?” ಅವಳು ಗಾಡಿಯ ನೊಗ ಹಿಡಿದುಕೊಂಡು ನಿಂತಳು. “ಇನ್ನೊಂದೀಟು ನಿಂದ್ರ ಹೋಗ್ರಿ.”

“ಲೇ, ರೈಲು ತಪ್ಪತೈತಿ.”

“ತಪ್ಪಲಿ.”

ಅವನು ಅವಳನ್ನು ನೋಡಿದ, ಮತ್ತೆ ದಂಡೆಗೆ ನಡೆದ. ಈ ಸಲ ಅವನು ನಿಂತೇ ನಿಂತ. ಗಾಡಿಯವನು ಗೊಣಗಿದ, ಎತ್ತುಗಳು ಕಾಲು ಬದಲಿಸಿದವು, ಬಿಸಿಲು ಏರಿತು. ದೊಡ್ಡವ್ವ ನೊಗ ಬಿಡಲಿಲ್ಲ. ಇಷ್ಟನ್ನು ನಾನು ಕಣ್ಣಾರೆ ಕಂಡಿದ್ದೇನೆ, ಯಾರ ಅಡ್ಡಪ್ರಶ್ನೆಗೂ ಇದನ್ನು ಬಿಟ್ಟುಕೊಡಲಾರೆ. ಆ ದಿನ ನಮಗೆ ರೈಲು ಸಿಕ್ಕಿತೋ ತಪ್ಪಿತೋ, ಅದು ಮಾತ್ರ ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ.