ಒಬ್ಬರ ಹಾಲು, ಇನ್ನೊಬ್ಬರ ಡಿಗ್ರಿ

"ಡೇರಿ ಮಿಷಿನ್ನಿನೊಳಗ ಲೆಕ್ಕ ಇಡೂ ಜಾಗಾ ಒಂದ ಐತ್ರಿ ಅಮ್ಮಾರ, ಬಫರ್ ಅಂತೀವಿ. ಹಾಲು ಅಳದ ಕೂಡ್ಲೆ ಸೆನ್ಸರ್ರು 'ಬಂತು, ತಗೋ' ಅಂತ ಕೂಗತೈತಿ. ಅದು ಇಂಟರಪ್ಟು. ಕೂಗು ಬಂತಂದ್ರ ಮಿಷಿನ್ ಕೈಯಾಗಿನ ಕೆಲಸ ಅಲ್ಲೇ ಬಿಟ್ಟು ಹೊಸಾ ಲೆಕ್ಕ ಅದ ಜಾಗದಾಗ ತುಂಬತೈತಿ. ಚೀಟಿ ಬರಿಯೂ ಪ್ರೋಗ್ರಾಮು ಹಳೀದು ಅರ್ಧಾ ಓದಿರತೈತಿ, ಉಳಿದರ್ಧಾ ಹೊಸಾದು ಓದತೈತಿ. ಫ್ಯಾಟು ನಿಮ್ಮ ತಂಗೀದು, ಹಾಲಿನ ಗಟ್ಟಿ ಅಳಿಯೂ ಡಿಗ್ರಿ ಹಿಂದ ನಿಂತವರದು! ಒಂದಕ್ಕೊಂದು ತಾಳ ಇಲ್ಲ. ನೀರು ಬೆರೆಸ್ಯಾರ ಅಂತ ಚೀಟಿ ಬರತೈತಿ."

ಗಂಗಾನಗರದ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತು, ಆ ಮಿಷಿನ್ನಿಗೆ ಪ್ರೋಗ್ರಾಮು ಬರೆಯುವ ಕಂಪನಿಯ ಶೀತಲ್ ಹೇಳುತ್ತಿದ್ದರೆ, ಮನೆಯೊಡತಿ ದ್ರೌಪದಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು. ಹೆಸರಘಟ್ಟದಾಚೆಯ ಹಳ್ಳಿಯಲ್ಲಿ ಅವರ ತಂಗಿ ಮುನಿಕೆಂಪಮ್ಮನಿಗೆ ಊರವರು 'ನೀರು ಕೆಂಪಮ್ಮ' ಎಂದು ಹೆಸರಿಟ್ಟಿದ್ದರು.

"ನಿಮ್ಮ ಆಫೀಸಲ್ಲಿ ಹೇಳ್ಬಾರ್ದೇನವ್ವಾ?"

"ಹೇಳೀನ್ರಿ."

ಡೇರಿಗೇ ಹೋಗಿ ನೋಡಿ ಬಂದು ಹೇಳಿದ್ದಳು. ಹಾಲಿನ ವ್ಯಾನು ಬರುವ ಹೊತ್ತಿಗೆ ಅಲ್ಲಿ ಒಬ್ಬರ ಚೀಟಿ ಬರುವ ಮುಂಚೆಯೇ ಇನ್ನೊಬ್ಬರ ಹಾಲು ಸುರಿಯುತ್ತಾರೆ. ಆಫೀಸಿನಲ್ಲಿ ಟೀ ಕುಡಿಯುತ್ತಾ ಒಂದೊಂದೇ ಲೋಟ ಹಾಲು ಸುರಿದು ಪರೀಕ್ಷೆ ಮಾಡಿದ್ದ ಮೇಲಧಿಕಾರಿ ಬಾಲರಾಜ್ ನಕ್ಕಿದ್ದ.

"ಆ ಹೆಂಗಸರಿಗೆ ನಿಧಾನ ಹಾಕೋಕ್ ಹೇಳ್ರೀ. ಇಲ್ಲಾಂದ್ರೆ ಒಂದ್ ಡಿಲೇ ಹಾಕ್ಬಿಡಿ."

ಹಳಸಿದ ಸಾರಿಗೆ ಒಗ್ಗರಣೆ! ಶೀತಲ್‌ಗೆ ಬಾಯಲ್ಲಿ ಕೂದಲು ಸಿಕ್ಕಂತಾಯಿತು. ತಾನೇ ಕೂತು ಸರಿ ಮಾಡಿದಳು. ತುಂಬುವುದು ಒಂದು ಜಾಗದಲ್ಲಿ, ಓದುವುದು ಇನ್ನೊಂದರಲ್ಲಿ. ಎರಡನ್ನೂ ಅದಲುಬದಲು ಮಾಡುವ ಗಳಿಗೆ ಮಾತ್ರ ಸೆನ್ಸರಿನ ಕೂಗಿಗೆ ತಡೆ. ನೋಡಿದ ಬಾಲರಾಜ್ ದನಿ ತಗ್ಗಿಸಿದ. "ಸರಿ, ಸದ್ದಿಲ್ದೆ ಹಾಕ್ಬಿಟ್ ಬನ್ನಿ. ಮಿಷಿನ್ ತಪ್ಪು ಅಂತ ಮಾತ್ರ ಬಾಯ್ಬಿಡ್ಬೇಡಿ."

ಮಿಷಿನ್ನು ಶುದ್ಧ, ಮುನಿಕೆಂಪಮ್ಮನ ಹೆಸರು ಮಾತ್ರ ಕೊಳಕು! ಅವನು ಮುಂದಿಟ್ಟ ಸಿಹಿಯನ್ನು ಮುಟ್ಟಲೂ ಅವಳಿಗೆ ಮನಸ್ಸಾಗಲಿಲ್ಲ.

ಮಾರನೇ ಬೆಳಿಗ್ಗೆ ಡೇರಿಯಲ್ಲಿ ಹೊಸ ಪ್ರೋಗ್ರಾಮು ಹಾಕಿ, ಸಾಲಿನ ಮುಂದೆ ನಿಂತಳು.

"ಮುನಿಕೆಂಪಮ್ಮಾರ ಹಾಲಿನಾಗ ನೀರಿರಲಿಲ್ರಿ. ನಾವು ಬರದ ಪ್ರೋಗ್ರಾಮಿನಾಗ ತಪ್ಪಿತ್ತು."

"ಅಂಗಾರೆ ನನ್ ಡಿಗ್ರಿ ಯಾರ್ದಮ್ಮೋ?" ಎಂದು ಹಿಂದಿನಿಂದ ಯಾರೋ ಕಿಸಕ್ಕೆಂದರು.

ಮುನಿಕೆಂಪಮ್ಮ ನಗಲಿಲ್ಲ. "ಇವರೆಲ್ಲ ನನ್ ಮಕಕ್ಕೆ ಉಗುದ್ರಲ್ಲ, ಅದ್ನ ಯಾವ ಪೋಗ್ರಾಮು ಒರೆಸ್ತದೆ?"

ಹಾಲು ಸುರಿದು, ಈ ಸಲ ಸರಿಯಾಗಿ ಬಂದ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದು, ಮುನಿಕೆಂಪಮ್ಮ ನಲ್ಲಿಯ ಬಳಿ ಕುಕ್ಕರುಗಾಲಲ್ಲಿ ಕೂತರು. ಹಿಂದೆಯೇ ಬಂದ ಶೀತಲ್ ಕೈಗೆ ಕ್ಯಾನಿನ ಮುಚ್ಚಳ ಕೊಟ್ಟರು.

"ಅಂಚಲ್ಲಿ ಜಿಡ್ಡು ನಿಂತ್ರೆ ನಾಳೆ ಹಾಲು ಕೆಡ್ತದೆ. ಒಸಿ ಗಟ್ಟಿಯಾಗ್ ಉಜ್ಜು."

ಶೀತಲ್ ಅಂಗಿಯ ತೋಳು ಮಡಚಿ, ತೆಂಗಿನ ನಾರು ತೆಗೆದುಕೊಂಡು ಉಜ್ಜತೊಡಗಿದಳು.