ಲೀಲಾ ತೆಗೆದ ಸೇತುವೆ

ದಿಲ್ಲಿಯ ಕಿದ್ವಾಯಿ ನಗರದ ಕನ್ನಡದವರ ಮನೆಗಳಲ್ಲಿ ರೀಲು ಕ್ಯಾಮೆರಾ ಕಾಲದ ಯಾವ ಆಲ್ಬಮ್ ತೆರೆದರೂ ಅದರಲ್ಲಿ ಲೀಲಾ ಇರುವುದಿಲ್ಲ. ಇರುವುದಾದರೂ ಹೇಗೆ, ಅಷ್ಟೂ ಫೋಟೊ ತೆಗೆದವಳೇ ಅವಳು. ನಾಮಕರಣ, ಸೀಮಂತ, ರಾಜ್ಯೋತ್ಸವದ ನಾಟಕ, ಯಾರದೋ ವರ್ಗಾವಣೆಯ ಬೀಳ್ಕೊಡುಗೆ, ಯಾವುದಿದ್ದರೂ ಹಳೆಯ ಯಾಶಿಕಾ ಕ್ಯಾಮೆರಾ ಹೆಗಲಿಗೇರಿಸಿ ಹಾಜರು. ಸಚಿವಾಲಯವೊಂದರಲ್ಲಿ ಸ್ಟೆನೊ ಆಗಿದ್ದ ಅವಳಿಗೆ ಕಚೇರಿಯಲ್ಲಿ ಬಾಯೇ ಇರಲಿಲ್ಲ. ಕೈಗೆ ಕ್ಯಾಮೆರಾ ಬಂತೆಂದರೆ ಮಾತ್ರ ದೊಡ್ಡ ದೊಡ್ಡ ಅಧಿಕಾರಿಗಳನ್ನೂ ಗದರಿಸುತ್ತಿದ್ದಳು. "ಎಡಕ್ಕೆ ಬನ್ನಿ ಸಾರ್. ಅಲ್ಲ, ನಿಮ್ಮ ಎಡ ಅಲ್ಲ, ನನ್ನ ಎಡ."

ಅವಳದು ಕಟ್ಟುನಿಟ್ಟಿನ ಶಾಸ್ತ್ರ. ಬಿಸಿಲು ಯಾವಾಗಲೂ ತೆಗೆಯುವವರ ಬೆನ್ನ ಮೇಲಿರಬೇಕು. ನಿಂತವರು ನಟ್ಟನಡುವೆ ಬರಬೇಕು, ಯಾರ ಪಾದವೂ ತುಂಡಾಗಬಾರದು. ಮುಖ ಕಾಣದ ಫೋಟೊ ಅವಳ ಲೆಕ್ಕದಲ್ಲಿ ಫೋಟೊವೇ ಅಲ್ಲ. ಊರಲ್ಲಿರುವ ಅಜ್ಜಿಗೆ ಮೊಮ್ಮಗುವಿನ ಕಾಲ್ಗೆಜ್ಜೆಯೂ ಕಾಣಬೇಕಲ್ಲ, ಅದಕ್ಕೇ ಇದೆಲ್ಲ. ಇದರಲ್ಲಿ ತಪ್ಪೇನೂ ಇರಲಿಲ್ಲ. ಅವಳು ಸೇತುವೆಯ ಫೋಟೊ ತೆಗೆಯಲು ಹೋಗುವವರೆಗೆ ಇರಲಿಲ್ಲ, ಅಷ್ಟೇ.

ಅವಳ ಗಂಡ ಮಲ್ಲಿಕಾರ್ಜುನ ರೈಲ್ವೆಯಲ್ಲಿ ಸೇತುವೆ ಇನ್‌ಸ್ಪೆಕ್ಟರ್. ಯಮುನೆಗೆ ಅಡ್ಡಲಾಗಿ, ಮೇಲಂತಸ್ತಿನಲ್ಲಿ ರೈಲನ್ನೂ ಕೆಳಗಂತಸ್ತಿನಲ್ಲಿ ಗಾಡಿಗಳನ್ನೂ ಹೊತ್ತು ನಿಂತಿರುವ ಹಳೆಯ ಕಬ್ಬಿಣದ ಸೇತುವೆ, ದಿಲ್ಲಿಯವರ ಬಾಯಲ್ಲಿ ಲೋಹೇ ಕಾ ಪುಲ್, ಅವನ ಪಾಲಿಗೆ ಬಂದಿತ್ತು. ಚಿಕ್ಕ ಸುತ್ತಿಗೆಯಿಂದ, ಕಬ್ಬಿಣದ ಪಟ್ಟಿಗಳನ್ನು ಬಿಗಿದ ರಿವೆಟ್ಟಿನ ತಲೆಗೆ ಕುಟ್ಟುವುದು, ಕಿವಿಗೊಟ್ಟು ಸದ್ದು ಕೇಳುವುದು. ಗಟ್ಟಿ ಇದ್ದರೆ ಒಂದು ಸದ್ದು, ಸಡಿಲವಾಗಿದ್ದರೆ ಇನ್ನೊಂದು. ಈ ಚಾಳಿ ಮನೆಗೂ ಬಂದಿತ್ತು. ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿಯಿಂದ ಹಿಡಿದು ಸೂಟ್‌ಕೇಸಿನವರೆಗೆ ಏನು ಕೊಂಡರೂ ಬೆರಳಲ್ಲಿ ಕುಟ್ಟಿ, ತಲೆ ವಾರೆ ಮಾಡಿ ಕೇಳಿ, "ಗಟ್ಟಿ ಇದೆ" ಎಂದ ಮೇಲೆಯೇ ದುಡ್ಡು ತೆಗೆಯುತ್ತಿದ್ದ. ಬಾರಿಸೋದಕ್ಕೋ ಕೊಳ್ಳೋದಕ್ಕೋ ಎಂದು ಅಂಗಡಿಯ ಭಯ್ಯಾಗಳು ನಗುತ್ತಿದ್ದರು. ಲೀಲಾಗೆ ನಾಚಿಕೆಯಿಂದ ಸಾಕುಸಾಕಾಗುತ್ತಿತ್ತು.

ಎರಡು ಸಾವಿರದ ಮೂರರ ಚಳಿಗಾಲದಲ್ಲಿ ಅವನು ಕುಟ್ಟುವುದನ್ನು ನಿಲ್ಲಿಸಿಬಿಟ್ಟ. ಮುಂದಿನ ಜನವರಿಯ ಕೊನೆಯ ದಿನ ಅವನ ನಿವೃತ್ತಿ. ಹಳೆಯ ಸೇತುವೆಯ ಬದಲಿಗೆ ಪಕ್ಕದಲ್ಲೇ ಹೊಸದು ಬರುತ್ತದೆ ಎಂಬ ಮಾತು ಆಗಲೇ ಎದ್ದಿತ್ತು. ಒಂದು ಸಂಜೆ ಚಹಾ ಆರಿಹೋಗುವವರೆಗೂ ಲೋಟ ಹಿಡಿದು ಕೂತಿದ್ದವನು, "ತುಕ್ಕು ಕೆರೆಯೋದ್ರಲ್ಲೇ ಆಯುಷ್ಯ ಮುಗೀತು ಲೀಲಾ. ನಾನು ಮನೆಗೆ, ಅದು ಗುಜರಿಗೆ" ಎಂದ. ತೆಂಗಿನಕಾಯಿಯನ್ನು ಕುಟ್ಟದೆಯೇ ಕೊಂಡು ತಂದ. ಒಡೆದರೆ ಕೊಳೆತಿತ್ತು.

ಲೀಲಾ ಕೊಳೆತ ಹೋಳುಗಳನ್ನು ಕಸದ ಬುಟ್ಟಿಗೆ ಹಾಕಿದಳು. ಅವನು ನಿವೃತ್ತನಾಗಿ ಮನೆಗೆ ಬರುವ ದಿನ ಆ ಸೇತುವೆಯ ದೊಡ್ಡ ಫೋಟೊ ಕೈಗಿಡಬೇಕು, ಅದನ್ನು ನೋಡಿ ತಾನು ಬಾಳಿದ್ದು ಗುಜರಿಗೆ ಹೋಗುವ ಬಾಳಲ್ಲ ಎಂದು ಅವನಿಗೆ ಅನ್ನಿಸಬೇಕು ಎಂದು ತೀರ್ಮಾನಿಸಿದಳು. ಅವನಿಗೆ ಸುಳಿವು ಕೊಡಲಿಲ್ಲ.

ಸೇತುವೆಯ ಮೇಲೆ ಕ್ಯಾಮೆರಾ ತೆಗೆದರೆ ಕಾವಲಿನವರು ಬಿಡುವುದಿಲ್ಲವೆಂದು ಗಂಡನ ಬಾಯಲ್ಲೇ ಕೇಳಿದ್ದಳು. ಹಾಗಾಗಿ ಡಿಸೆಂಬರಿನ ಒಂದು ಮಧ್ಯಾಹ್ನ ನದಿಯ ಈಚೆ ದಡದ ಸ್ನಾನಘಟ್ಟಕ್ಕೆ, ಅಲ್ಲಿಯವರ ಘಾಟಿಗೆ, ಹೋದಳು. ಬಿಸಿಲು ಬೆನ್ನಿಗೆ ಬಂದಿದೆಯೆಂದು ಖಾತ್ರಿ ಮಾಡಿಕೊಂಡು, ಸೇತುವೆಯನ್ನು ಈ ತುದಿಯಿಂದ ಆ ತುದಿಯವರೆಗೆ ನಟ್ಟನಡುವೆ ಹಿಡಿದು, ಒಂದು ಕಂಬವೂ ತುಂಡಾಗದಂತೆ ತೆಗೆದಳು. ಪ್ರಿಂಟು ಬಂದ ಭಾನುವಾರ ಅವಳ ಅಕ್ಕನ ಮಗಳು ಗಗನಾ ಮನೆಗೆ ಬಂದಿದ್ದಳು. ಸಾಫ್ಟ್‌ವೇರ್ ಕೆಲಸ, ಇಂದಿರಾಪುರಂನಲ್ಲಿ ಗೆಳತಿಯರೊಂದಿಗೆ ಫ್ಲ್ಯಾಟು, ರಜೆ ಸಿಕ್ಕರೆ ಹೊಸ ಡಿಜಿಟಲ್ ಕ್ಯಾಮೆರಾ ಹಿಡಿದು ಗುಂಪು ಕಟ್ಟಿಕೊಂಡು ಕೋಟೆ ಗೋರಿ ಸುತ್ತುವ ಹುಡುಗಿ.

"ಚಿಕ್ಕಮ್ಮ, ಸೇತುವೇನೂ ಗ್ರೂಪ್ ಫೋಟೋಗೆ ನಿಲ್ಲಿಸಿಬಿಟ್ಟಿದ್ದೀರಲ್ಲ! 'ಸ್ವಲ್ಪ ನಗಿ' ಅನ್ನೋದೊಂದು ಬಾಕಿ."

"ಏನಾಗಿದೆಯೇ ಇದಕ್ಕೆ? ಕಾಲು ಸಮೇತ ಪೂರ್ತಿ ಬಂದಿದೆ."

"ಅದೇ ಪ್ರಾಬ್ಲಮ್ಮು. ಪೂರ್ತಿ ಬಂದಿದೆ, ಆದ್ರೆ ಎಷ್ಟು ದೊಡ್ಡದು ಅಂತ ಗೊತ್ತೇ ಆಗಲ್ಲ. ಬೇಲಿ ಥರ ಕಾಣತ್ತೆ."

ಲೀಲಾ ಮುಖ ಊದಿಸಿಕೊಂಡು ಉಪ್ಪಿಟ್ಟಿನ ತಟ್ಟೆಯನ್ನು ಅವಳ ಮುಂದೆ ಕುಕ್ಕಿದಳು. ಇಷ್ಟು ವರ್ಷ ಇಡೀ ಕಾಲೊನಿಯ ಫೋಟೊ ತೆಗೆದವಳಿಗೆ ನಿನ್ನೆ ಮೊನ್ನೆಯ ಹುಡುಗಿ ಬುದ್ಧಿ ಹೇಳುವುದೇ? ಆದರೆ ಕೈ ತೊಳೆಯುವಾಗ ಇನ್ನೊಮ್ಮೆ ಕಳ್ಳಕಣ್ಣಿನಿಂದ ಫೋಟೊ ನೋಡಿದಳು. ಹೌದು, ಬೇಲಿಯೇ. ಇದನ್ನು ಕೊಟ್ಟರೆ ಅವನು ಎಲ್ಲೆಲ್ಲಿ ಬಣ್ಣ ಹೋಗಿದೆ ಎಂದು ನೋಡಿ ಪಕ್ಕಕ್ಕಿಡುತ್ತಾನೆ.

"ಸರಿ, ಏನ್ಮಾಡ್ಬೇಕು ಹೇಳು," ಎಂದಳು, ಗೋಡೆಯ ಕಡೆ ತಿರುಗಿಕೊಂಡೇ.

"ಬೆಳಗ್ಗೆ ಹೋಗೋಣ. ಸೂರ್ಯ ಸೇತುವೆ ಹಿಂದಿರ್ಬೇಕು. ನೀವು ಕೂತ್ಕೊಂಡು, ನೀರಿನ ಹತ್ತಿರದಿಂದ ತೆಗೀರಿ. ಸೇತುವೇನ ಫೋಟೋದ ಒಂದು ಕಡೆಗೆ ಸರಿಸಿ, ಮಿಕ್ಕಿದ್ದು ಖಾಲಿ ಇರ್ಲಿ. ಪಕ್ಕದಲ್ಲಿ ಏನಾದ್ರೂ ಚಿಕ್ಕದು ಬರ್ಲಿ, ದೋಣಿನೋ, ಮನುಷ್ಯನೋ. ಆಗ ನೋಡಿ."

"ಬಿಸಿಲಿಗೆ ಎದುರಾಗಿ ಯಾರಾದ್ರೂ ತೆಗೀತಾರೇನೇ? ಎಲ್ಲಾ ಕಪ್ಪಾಗತ್ತೆ."

"ಆಗ್ಲಿ ಬಿಡಿ ಚಿಕ್ಕಮ್ಮ. ಅದಕ್ಕೇನು ಹೆಣ್ಣು ನೋಡೋಕೆ ಬರ್ತಿದ್ದಾರಾ?"

ಜನವರಿಯ ಮೊದಲ ಭಾನುವಾರ, ದೇವಸ್ಥಾನಕ್ಕೆ ಹೋಗುತ್ತೇನೆಂದು ಗಂಡನಿಗೆ ಸುಳ್ಳು ಹೇಳಿ, ಶಾಲಿನೊಳಗೆ ಕ್ಯಾಮೆರಾ ಬಚ್ಚಿಟ್ಟುಕೊಂಡು ಲೀಲಾ ಆಟೊ ಹತ್ತಿದಳು. ಘಾಟಿನಲ್ಲಿ ಗಗನಾ ಆಗಲೇ ಚಹಾ ಹೀರುತ್ತ ನಿಂತಿದ್ದಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನದಿ ಇದೆಯೆನ್ನುವುದು ಅದರ ವಾಸನೆಯಿಂದಷ್ಟೇ ಗೊತ್ತಾಗುತ್ತಿತ್ತು. ಲೀಲಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಳಗಿನ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತಳು. ಮಂಡಿ ಲಟಲಟ ಎಂದವು.

ಮೊದಲು ಸದ್ದು ಬಂತು. ಕೂತಿದ್ದ ಕಲ್ಲೇ ಸಣ್ಣಗೆ ನಡುಗಿತು. ಆಮೇಲೆ ಮಂಜಿನೊಳಗೆ, ಆಕಾಶದಲ್ಲಿ, ದೀಪ ಹೊತ್ತಿದ ಕಿಟಕಿಗಳ ಸಾಲೊಂದು ತೇಲಿತು. ರೈಲು. ಅದರ ಕೆಳಗೆ ಏನೂ ಇರಲಿಲ್ಲ. ರೈಲು ಹೋದ ಮೇಲೆ ಬೆಳಕು ಬಂತು. ಮಂಜು ಮೇಲಿನಿಂದ ಕರಗತೊಡಗಿ, ಒಂದು ಕಪ್ಪು ಗೆರೆ, ಅದರ ಕೆಳಗೆ ಜಾಲರಿ, ಅದರ ಕೆಳಗೆ ಇನ್ನೊಂದು ಗೆರೆ, ಕೊನೆಗೆ ಆನೆಗಾತ್ರದ ಕಂಬಗಳು ಒಂದೊಂದಾಗಿ ನೀರಿನಿಂದ ಎದ್ದು ನಿಂತವು. ಜಾಲರಿಯ ಹಿಂದೆ ಸೂರ್ಯ ಬಂದ. ಒಂದೊಂದು ಕಿಂಡಿಯಿಂದಲೂ ಬಿಸಿಲಿನ ಕೋಲು ಮಂಜಿನೊಳಕ್ಕೆ ಇಳಿದು ನೀರಿನ ಮೇಲೆ ಚಾಚಿಕೊಂಡಿತು. ದೋಣಿಯವನೊಬ್ಬ ಕಡಲೆಹಿಟ್ಟಿನ ಸೇವು ಎರಚಿದ್ದೇ ತಡ, ಚಳಿಗಾಲಕ್ಕೆ ದೂರದೇಶದಿಂದ ಬಂದ ಬಿಳಿ ಹಕ್ಕಿಗಳು ನೂರಾರು ಒಟ್ಟಿಗೇ ಎದ್ದು ಆ ಬಿಸಿಲಿನೊಳಗೆ ಹಾರಿದವು.

ಲೀಲಾ ಕೈ ಮುಗಿದುಬಿಟ್ಟಳು. ಇಷ್ಟು ವರ್ಷ ಅವಳು ಕೇಳಿದ್ದು ಈ ಸೇತುವೆಯ ತುಕ್ಕು, ಬಿರುಕು, ಬಣ್ಣದ ಡಬ್ಬಿಗಳ ಸುದ್ದಿಯನ್ನು ಮಾತ್ರ. ಇದು ಹೀಗಿದೆಯೆಂದು ಗಂಡ ಒಮ್ಮೆಯೂ ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ವಾಸನೆಯಿಂದ ಅಲ್ಲ.

"ಚಿಕ್ಕಮ್ಮ, ತೆಗೆದ್ರಾ?"

ತೆಗೆದಿರಲಿಲ್ಲ. ಅಷ್ಟರಲ್ಲಿ ಬಿಸಿಲು ಮೇಲೇರಿ, ಸೇತುವೆ ಮರಳಿ ಬೇಲಿಯಾಗಿತ್ತು.

ಎರಡನೆಯ ಭಾನುವಾರ ಮಂಜು ಕರಗಲೇ ಇಲ್ಲ. ಇಬ್ಬರೂ ಚಹಾ ಕುಡಿದು, ಸೀನುತ್ತ ವಾಪಸಾದರು. ಉಳಿದದ್ದು ಮೂರನೆಯದು ಮಾತ್ರ. ಅದರ ಮುಂದಿನದು ಗಣರಾಜ್ಯೋತ್ಸವದ ಮುನ್ನಾದಿನ. ಅವತ್ತು ಶಾಲಿನೊಳಗೆ ಏನೋ ಬಚ್ಚಿಟ್ಟುಕೊಂಡು ನದಿದಡದಲ್ಲಿ ಕೂತರೆ ಪೊಲೀಸರು ಸುಮ್ಮನಿರುತ್ತಾರೆಯೇ?

ಆ ಮೂರನೆಯ ಭಾನುವಾರ ಮಲ್ಲಿಕಾರ್ಜುನ ಅವಳಿಗಿಂತ ಮುಂಚೆ ಎದ್ದು ಮಂಕಿಕ್ಯಾಪ್ ಹಾಕಿಕೊಂಡು ಹೊರಟಿದ್ದ. ತನ್ನ ಜಾಗಕ್ಕೆ ಬರುವವನಿಗೆ ಸೇತುವೆ ತೋರಿಸಬೇಕಂತೆ. "ರಜೆ ದಿನವೂ ಹೋಗ್ಬೇಕೇನ್ರೀ?" ಎಂದರೆ, "ಇನ್ನೆಷ್ಟು ದಿನ ಹೋಗ್ತೀನಿ" ಎಂದ. ಅವನ ಆಟೊ ಮರೆಯಾದದ್ದೇ ಲೀಲಾ ಇನ್ನೊಂದು ಆಟೊ ಹಿಡಿದಳು.

ಮಂಜು ತೆಳ್ಳಗಿತ್ತು, ಹಾಲಿಗೆ ನೀರು ಬೆರೆಸಿದಂತೆ. ಲೀಲಾ ಕೊನೆಯ ಮೆಟ್ಟಿಲಲ್ಲಿ ಕೂತು ಕ್ಯಾಮೆರಾವನ್ನು ಮಂಡಿಗೆ ಆನಿಸಿಕೊಂಡಳು. ಸೇತುವೆಯನ್ನು ಮೇಲಕ್ಕೂ ಬಲಕ್ಕೂ ಸರಿಸಿ, ಅರ್ಧಕ್ಕರ್ಧ ನೀರನ್ನೂ ಮಂಜನ್ನೂ ಖಾಲಿ ಬಿಟ್ಟಳು. ಕೈ ಒಪ್ಪಲಿಲ್ಲ, ಆದರೂ ಬಿಟ್ಟಳು. ಆಚೆ ದಡದ ಕಂಬಗಳು ಮಂಜಿನಲ್ಲಿ ಕರಗಿ ಹೋಗಿದ್ದವು. ಅವೂ ತುಂಡಾಗಲಿ ಎಂದುಕೊಂಡಳು. ದೋಣಿ ಬರಲಿಲ್ಲ. ಬೆಳಕು ಜಾಲರಿಯ ಹಿಂದೆ ಮೆಲ್ಲಗೆ ಕೆಂಪಾಗುತ್ತಿತ್ತು.

ಆಗ ನೀರಿನ ಮೇಲಿಂದ ಒಂದು ಸದ್ದು ತೇಲಿಬಂತು. ಟಕ್. ಸ್ವಲ್ಪ ಬಿಟ್ಟು ಇನ್ನೊಂದು, ಟಕ್.

ಲೀಲಾ ತಲೆಯೆತ್ತಿದಳು. ಜಾಲರಿಯಿಂದ ಹೊರಚಾಚಿದ ಹಲಗೆಯ ಮೇಲೆ, ಹೊಳೆಯುವ ಬೆಳಕಿನ ಮುಂದೆ, ಎಳ್ಳುಕಾಳಿನಷ್ಟು ಕಪ್ಪು ಮನುಷ್ಯ. ಮುಖವಿಲ್ಲ, ಕಣ್ಣಿಲ್ಲ. ಆದರೆ ಕುಟ್ಟಿದ ಮೇಲೆ ತಲೆ ವಾರೆಯಾಯಿತು. ಆ ವಾರೆಯನ್ನು ಅವಳು ಎಷ್ಟು ತೆಂಗಿನಕಾಯಿ ಅಂಗಡಿಗಳ ಮುಂದೆ ನೋಡಿ ನಾಚಿರಲಿಲ್ಲ! ಅವನು ಮತ್ತೆ ಕುಟ್ಟುತ್ತಿದ್ದ.

"ರೀ, ಈ ಕಡೆ ನೋಡ್ರೀ" ಎಂದು ಕೂಗುವುದೊಂದು ಬಾಕಿ. ನಾಲಗೆ ತುದಿಗೆ ಬಂದಿತ್ತು. ಲೀಲಾ ತುಟಿ ಕಚ್ಚಿಕೊಂಡಳು. ಕಬ್ಬಿಣದ ಬೆಟ್ಟದಂಥದ್ದು ಅಷ್ಟೆತ್ತರಕ್ಕೆ ನಿಂತಿತ್ತು, ಅದರ ಎದೆಗೆ ಕಿವಿಯಿಟ್ಟು ಅವಳ ಗಂಡ ನಿಂತಿದ್ದ. ಮೇಲೆ ರೈಲು ಬಂತು. ಹಕ್ಕಿಗಳು ಎದ್ದವು. ಅವನ ತಲೆ ಇನ್ನೊಮ್ಮೆ ವಾರೆಯಾದಾಗ ಅವಳು ಒತ್ತಿದಳು.

ಸರೋಜಿನಿ ನಗರದ ಸ್ಟುಡಿಯೊದವನು ದೊಡ್ಡ ಪ್ರಿಂಟನ್ನು ಎತ್ತಿ ನೋಡಿ, ಇದರಲ್ಲಿ ಮುಖವೇ ಬಂದಿಲ್ಲವಲ್ಲ ಮೇಡಂ, ಎಲ್ಲ ಕಪ್ಪು ಎಂದು ಮರುಗಿದ. "ಕಪ್ಪೇ ಇರಲಿ ಭಯ್ಯಾ, ಗಾಜಿನ ಕಟ್ಟು ಹಾಕಿ ಕೊಡಿ" ಎಂದಳು ಲೀಲಾ.

ನಿವೃತ್ತಿಯ ಸಂಜೆ ಮಲ್ಲಿಕಾರ್ಜುನ ಚೆಂಡುಹೂವಿನ ಹಾರ, ಶಾಲು, ಗೋಡೆ ಗಡಿಯಾರ ಹೊತ್ತು ಮನೆಗೆ ಬಂದ. ಎಲ್ಲವನ್ನೂ ದಿವಾನದ ಮೇಲೆ ಹಾಕಿ ಪಕ್ಕದಲ್ಲೇ ಕೂತ. ಗಗನಾ ಲಡ್ಡು ತಂದಿದ್ದಳು, ಅವನು ತಿನ್ನಲಿಲ್ಲ. ಲೀಲಾ ಒಳಗಿನಿಂದ ಫೋಟೊ ತಂದು ಅವನ ತೊಡೆಯ ಮೇಲಿಟ್ಟಳು.

ಕನ್ನಡಕ ಹಾಕಿಕೊಂಡು ಮೊದಲು ಇನ್‌ಸ್ಪೆಕ್ಟರನ ಹಾಗೆ ನೋಡಿದ, ಮೂಲೆಯಿಂದ ಮೂಲೆಗೆ. "ಇದು ಯಾವ ಸೇತುವೆ?" ಎಂದ. ಅವನ ಬೆರಳು ಜಾಲರಿಯ ಮೇಲೆ ನಿಧಾನವಾಗಿ ಸರಿದು ಒಂದು ಕಡೆ ನಿಂತಿತು.

"ಇಲ್ಲಿ ಯಾರೋ ಇದ್ದಾನಲ್ಲ."

"ಹೂಂ."

ಅವನು ಕನ್ನಡಕ ಸರಿಮಾಡಿಕೊಂಡು ಫೋಟೊವನ್ನು ಇನ್ನಷ್ಟು ಹತ್ತಿರಕ್ಕೆ ತಂದ. ಲಡ್ಡು ಬಾಯಲ್ಲಿಟ್ಟುಕೊಂಡಿದ್ದ ಗಗನಾ ಅಗಿಯುವುದನ್ನೂ ಮರೆತಳು.

"ಇದು ಇಷ್ಟು ದೊಡ್ಡದಿತ್ತಾ ಲೀಲಾ?" ಎಂದ. "ನಾನು ಇದನ್ನ ಯಾವತ್ತೂ ಗೇಣು ದೂರದಿಂದ ನೋಡಿದವನು. ಇಷ್ಟು ದೊಡ್ಡದರಲ್ಲಿ ನಾನು ಇಷ್ಟೇ."

"ಇಷ್ಟೇ ಇದ್ದುಕೊಂಡು ಇಷ್ಟು ದೊಡ್ಡದನ್ನ ಬೀಳದ ಹಾಗೆ ನೋಡ್ಕೊಂಡ್ರಲ್ಲ. ಆ ರೈಲಲ್ಲಿರೋರು ಒಬ್ಬರಾದ್ರೂ ಹೆದರಿದ್ರಾ?"

ಅವನು ಫೋಟೊ ಎತ್ತಿ ಹಿಡಿದ. ತೋರುಬೆರಳು ಮಡಿಸಿ ಗಾಜನ್ನು ಮೆಲ್ಲಗೆ ಕುಟ್ಟಿ, ತಲೆ ವಾರೆ ಮಾಡಿ ಕೇಳಿದ. ಲೀಲಾ ಈ ಸಲ ನಾಚಲಿಲ್ಲ.

"ನಾಳೆ ಭಾನುವಾರ ತಾನೇ," ಎಂದ. "ನೀನು ಇದನ್ನ ತೆಗೆದ ಜಾಗಕ್ಕೆ ನನ್ನನ್ನ ಕರ್ಕೊಂಡು ಹೋಗು. ನಾನೂ ಒಂದ್ಸಲ ನೋಡ್ಬೇಕು."