ಬೇರೆಯವರ ಹೆಸರಿನ ಕೋಲು

ಗುಬ್ಬಿಯ ರೇಣುಕಾಪ್ರಸಾದ ಗಾಲ್ಫ್ ಆಡುವುದನ್ನು ಕಣ್ಣಾರೆ ಕಂಡವನಲ್ಲ. ಆದರೂ ಅವನ ಹೊಟ್ಟೆಪಾಡು ಗಾಲ್ಫ್ ಕೋಲುಗಳಿಂದಲೇ ನಡೆಯುತ್ತಿತ್ತು. ತುಮಕೂರಿನ ಬಟವಾಡಿಯ ಒಂದು ಶೆಡ್ಡಿನಲ್ಲಿ ಚೆಂಡಿಗೆ ಬಡಿಯುವ ಎರಕದ ತಲೆಗಳನ್ನು ಉಜ್ಜಿ, ಉಕ್ಕಿನ ಕೊಳವೆಗೆ ಅಂಟು ಹಾಕಿ ಕೂರಿಸುವುದು ಅವನ ಕೆಲಸ.

ಯಜಮಾನ ಚನ್ನಬಸವಯ್ಯ ಮೊದಮೊದಲು ಕೋಲಿನ ಮೇಲೆ ತನ್ನ ಮಗಳು ಮಾಲಿನಿಯ ಹೆಸರು ಹಾಕಿಸುತ್ತಿದ್ದ. ಆಕಾರ ಮಾತ್ರ ಹೊರದೇಶದ ದೊಡ್ಡ ಕಂಪನಿಯದು. ಅದರಲ್ಲಿ ರೇಣುಕಾಪ್ರಸಾದನಿಗೆ ತಪ್ಪು ಕಂಡಿರಲಿಲ್ಲ. ಒಬ್ಬ ಕಮ್ಮಾರನ ಮಚ್ಚು ನೋಡಿ ಇನ್ನೊಬ್ಬ ಮಚ್ಚು ಬಡಿಯುವುದಿಲ್ಲವೇ? ಆದರೆ ಬೆಂಗಳೂರಿನ ಅಂಗಡಿಗಳಲ್ಲಿ ಮಾಲಿನಿ ಕೋಲನ್ನು ಎತ್ತಿ ನೋಡಿದವರು ಇದ್ದಲ್ಲೇ ಇಟ್ಟುಬಿಡುತ್ತಿದ್ದರು. ಕೊನೆಗೆ ಚನ್ನಬಸವಯ್ಯ ಹೊಸ ಅಚ್ಚು ತಂದ. ಅದರಲ್ಲಿ ಆ ಕಂಪನಿಯ ಹೆಸರೇ ಇತ್ತು.

"ಇದು ಬ್ಯಾಡ ಅನ್ಸುತ್ತೆ ಸಾರ್. ಅವ್ರಂಗೆ ಮಾಡೋದ್ ಬೇರೆ, ಅವ್ರೇ ಮಾಡಿದ್ದು ಅನ್ನೋದ್ ಬೇರೆ," ಎಂದ ರೇಣುಕಾಪ್ರಸಾದ.

"ತಗೊಳೋರು ಸಾವ್ಕಾರ್ರು ಕಣೋ. ಅವ್ರಿಗೆ ಬೇಕಿರೋದೇ ಹೆಸ್ರು. ನಾವೇನ್ ಯಾರ್ ಹೊಟ್ಟೆ ಮೇಲಾದ್ರೂ ಹೊಡೀತಿದೀವಾ?"

ರೇಣುಕಾಪ್ರಸಾದ ಕೆಲಸಕ್ಕೆ ಕೂತ. ಮಾಲು ಬಿಸಿ ದೋಸೆಯಂತೆ ಖರ್ಚಾಗತೊಡಗಿತು. ಮೊದಲು ಅಂಟು ಒಣಗಲು ಕೋಲುಗಳನ್ನು ರಾತ್ರಿಯಿಡೀ ಬಿಡುತ್ತಿದ್ದರು. ಈಗ ಬೆಳಿಗ್ಗೆ ಅಂಟಿಸಿದ್ದು ಮಧ್ಯಾಹ್ನಕ್ಕೇ ಪೆಟ್ಟಿಗೆ ಸೇರುತ್ತಿತ್ತು. ಅದು ಸರಿಯಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಅಂಟಿಸಿದ.

ಕುಣಿಗಲ್ ಕಡೆಯ ಒಂದು ಮೈದಾನದಲ್ಲಿ ಯಾರೋ ಇಂಥದೇ ಒಂದು ಕೋಲು ಬೀಸಿದಾಗ ಅದರ ತಲೆ ಕಳಚಿ ಹಾರಿ, ಹುಲ್ಲು ಕೀಳುತ್ತಿದ್ದ ಕದರಮ್ಮನ ಒಂದು ಕಣ್ಣಿಗೆ ಬಡಿಯಿತು. ಕಣ್ಣು ಹೋಯಿತು. ಮೈದಾನದವರು ಆಡಿದವನನ್ನು ತೋರಿಸಿದರು, ಆಡಿದವನು ಕಂಪನಿಯನ್ನು ತೋರಿಸಿದ, ಕಂಪನಿಯವರು ಇದು ನಮ್ಮ ಮಾಲೇ ಅಲ್ಲ ಎಂದರು. ಕೋಲು ಮಾರಿದ ಅಂಗಡಿಯವನಿಂದ ಸುದ್ದಿ ತಿಳಿದ ಚನ್ನಬಸವಯ್ಯ ಫೋನ್ ಕೆಳಗಿಟ್ಟು, "ಬಚಾವಾದ್ವಿ ಕಣೋ. ಅದ್ರ ಮೇಲೆ ನಮ್ ಹೆಸ್ರಿಲ್ಲ," ಎಂದ.

ಆ ಮಾತನ್ನು ರೇಣುಕಾಪ್ರಸಾದ ಮರೆಯಲಾರದೆ ಹೋದ. ಭಾನುವಾರ ಕುಣಿಗಲ್ ಬಸ್ಸು ಹತ್ತಿ, ಕೇಳಿಕೊಂಡು ಕದರಮ್ಮನ ಮನೆಗೆ ಹೋದ. ಅವಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅವರೆಕಾಯಿ ಬಿಡಿಸುತ್ತಿದ್ದಳು.

"ಆ ಕೋಲಿಗೆ ಅಂಟು ಹಾಕ್ದೋನು ನಾನು ಕಣಮ್ಮ."

ಕದರಮ್ಮ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟಳು. "ಎಲ್ರೂ ನಮ್ದಲ್ಲ ನಮ್ದಲ್ಲ ಅಂದ್ರು. ಆಕಾಸದಿಂದ ಬಿತ್ತೇನೋ ಅನ್ಕಂಡಿದ್ದೆ," ಎಂದಳು. ಆಮೇಲೆ, "ಪೋಲೀಸ್ ಟೇಸನ್ನಾಗೂ ಇಂಗೇ ಯೋಳ್ತೀಯೇನಪ್ಪ?" ಎಂದು ಕೇಳಿದಳು.

ಅವನು ಹೇಳಿದ. ಶೆಡ್ಡಿಗೆ ಬೀಗ ಬಿತ್ತು. ತಾನು ಜಾಗ ಬಾಡಿಗೆಗೆ ಕೊಟ್ಟವನಷ್ಟೇ ಎಂದು ಚನ್ನಬಸವಯ್ಯ ಹೇಳಿಕೆ ಕೊಟ್ಟ. ಅವನು ತೋರಿಸಿದ ಬಾಡಿಗೆ ಪತ್ರದಲ್ಲಿ ಬಾಡಿಗೆದಾರನೆಂದು ರೇಣುಕಾಪ್ರಸಾದನ ಹೆಸರಿತ್ತು, ಕೇಸು ಇವನ ಮೇಲೆ ಬಂತು. ಜಾಮೀನಿನ ಮೇಲೆ ಮನೆಗೆ ಬಂದ ದಿನ ಹೆಂಡತಿ ಅನುಪಮಾ ತಟ್ಟೆ ಮುಂದಿಟ್ಟು, "ನಿಜ ಹೇಳಿದ್ದಕ್ಕೆ ನಂಗೇನೂ ಬೇಜಾರಿಲ್ಲ ಕಣ್ರೀ. ಅಚ್ಚು ಬಂದ ದಿನಾನೇ ಯಾಕೆ ಎದ್ದು ಬರ್ಲಿಲ್ಲ ನೀವು?" ಎಂದಳು.

ಜೊತೆಗೆ ಕೆಲಸ ಮಾಡುತ್ತಿದ್ದ ತಿಮ್ಮರಾಜು ಒಮ್ಮೆ ಸಿಕ್ಕಿದ. ಊರ್ಡಿಗೆರೆ ಕಡೆ ಚನ್ನಬಸವಯ್ಯನ ಹೊಸ ಶೆಡ್ಡು ಶುರುವಾಗಿದೆ, ಅದೇ ಕಂಪನಿಯ ಹೆಸರು, ಅದೇ ಮಾಲು ಎಂದ. "ಈಗ ಅಂಟು ಒಣಗೋಕೆ ಬಿಡ್ತೀವಣ್ಣ," ಎಂದು ಒಳ್ಳೆಯ ಸುದ್ದಿಯಂತೆ ಸೇರಿಸಿದ.

ಕೇಸು ಇನ್ನೂ ನಡೆಯುತ್ತಿದೆ. ಕದರಮ್ಮನನ್ನು ಮೈದಾನದವರು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ವಾಯಿದೆಯ ದಿನ ಅವಳು ಕುಣಿಗಲ್ ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾಳೆ. ರೇಣುಕಾಪ್ರಸಾದ ಬಂದರೆ ಸರಿದು ಜಾಗ ಬಿಡುತ್ತಾಳೆ. ಮಾತಾಡಿಸುವುದಿಲ್ಲ.